ಒದ್ದೆ ಗೋಡೆಯ ಜವಾಬ್ದಾರಿ ಯಾವ ಇಲಾಖೆಯದು? ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಸರ್ಕಾರಿ ಹಾಸ್ಟೆಲ್, ಶಾಲೆ, ವಸತಿಗೃಹ ಹಾಗೂ ಕಚೇರಿಗಳ ಒಳಗೋಡೆಗಳಿಗೆ ಹಿಡಿಯುವ ಬೂಷ್ಟಿನಿಂದ ಆರೋಗ್ಯಕ್ಕೆ ಆಗುತ್ತಿರುವ ಹಾನಿ ಮತ್ತು ದುರಸ್ತಿಗೆ ಕಾಲಮಿತಿ ನಿಗದಿಪಡಿಸುವ ಕುರಿತು.

ಮಾನ್ಯರೇ,

ಮಲೆನಾಡು ಮತ್ತು ಕರಾವಳಿಯ ಸರ್ಕಾರಿ ಕಟ್ಟಡಗಳಲ್ಲಿ ಪ್ರತಿ ವರ್ಷ ಜೂನ್ ಮುಗಿಯುವ ಹೊತ್ತಿಗೆ ಗೋಡೆಯ ಮೂಲೆಗಳು ಕಪ್ಪಾಗತೊಡಗುತ್ತವೆ. ಆಗಸ್ಟ್ ಬರುವಷ್ಟರಲ್ಲಿ ಬೀರುವಿನ ಹಿಂಬದಿ, ಹಾಸಿಗೆಯ ಅಡಿ, ಕಡತಗಳ ಕಟ್ಟು ಎಲ್ಲಕ್ಕೂ ಬೂಷ್ಟು ಹಿಡಿದು, ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಇದೇ ಸಂಗತಿ ಲೋಕೋಪಯೋಗಿ ಇಲಾಖೆಯ ಕಡತದಲ್ಲಿ ‘ಛಾವಣಿ ಸೋರಿಕೆ’ ಎಂದೂ, ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ಪುಸ್ತಕದಲ್ಲಿ ‘ಕೆಮ್ಮು, ನೆಗಡಿ’ ಎಂದೂ, ಹಾಸ್ಟೆಲ್ ತಪಾಸಣೆಯ ವರದಿಯಲ್ಲಿ ‘ಶುಚಿತ್ವದ ಕೊರತೆ’ ಎಂದೂ ದಾಖಲಾಗುತ್ತದೆ. ಈ ಮೂರೂ ಒಂದೇ ಗೋಡೆಯಿಂದ ಹುಟ್ಟಿದವು ಎಂದು ಬರೆದ ಕಡತವನ್ನು ಮಲೆನಾಡಿನ ತಾಲ್ಲೂಕುಗಳಲ್ಲಿ ಸರ್ಕಾರಿ ಕಟ್ಟಡಗಳ ನಿರ್ವಹಣೆ ನೋಡಿಕೊಂಡ ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಈಗ ನಿವೃತ್ತನಾಗಿರುವುದರಿಂದ, ಮೂರು ಇಲಾಖೆಗಳ ಮೇಲೂ ಅಧಿಕಾರವಿರುವ ತಮ್ಮ ಹುದ್ದೆಗೆ ನೇರವಾಗಿ ಬರೆಯುತ್ತಿದ್ದೇನೆ. ಸಾರ್ವಜನಿಕರೂ ಓದಲಿ ಎಂಬ ಕಾರಣಕ್ಕೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಬೂಷ್ಟಿನ ಬೀಜಕಣಗಳು ಎಲ್ಲ ಗಾಳಿಯಲ್ಲೂ ಇರುತ್ತವೆ, ಅವುಗಳನ್ನು ತಡೆಯುವ ಉಪಾಯವಿಲ್ಲ. ಅವು ಬೆಳೆಯಬೇಕಾದರೆ ಆಹಾರ ಮತ್ತು ನೀರು ಬೇಕು. ಕಾಗದ, ಪ್ಲೈವುಡ್, ಬಟ್ಟೆ, ಚರ್ಮ, ಗೋಡೆಯ ಬಣ್ಣದಲ್ಲಿರುವ ಅಂಟು, ಬಣ್ಣದ ಮೇಲೆ ಕುಳಿತ ಧೂಳು ಇವೆಲ್ಲವೂ ಆಹಾರವೇ ಆದ್ದರಿಂದ ನಮ್ಮ ಕೈಯಲ್ಲಿ ಉಳಿಯುವುದು ನೀರೊಂದೇ. ನೆನೆದ ವಸ್ತುವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬೂಷ್ಟು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಗೋಡೆಯ ಮೈಗೆ ತಾಗಿದ ಗಾಳಿಯ ಆರ್ದ್ರತೆ ಶೇ 80ರ ಮೇಲೆ ದಿನಗಟ್ಟಲೆ ನಿಂತರೆ, ಸೋರಿಕೆಯೇ ಇಲ್ಲದಿದ್ದರೂ ಹಿಡಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ತೊಡಕನ್ನು ಮೊದಲೇ ಹೇಳಿಬಿಡುತ್ತೇನೆ. ‘ಕಿಟಕಿ ತೆರೆದಿಡಿ, ಗಾಳಿಯಾಡಲಿ’ ಎಂಬ ಸಲಹೆ ಚಳಿ ದೇಶಗಳ ಕೈಪಿಡಿಗಳಿಂದ ಬಂದದ್ದು. ಅಲ್ಲಿ ಹೊರಗಿನ ತಣ್ಣನೆಯ ಗಾಳಿ ಒಳಗೆ ಬಂದು ಬೆಚ್ಚಗಾದಾಗ ಒಣಗಾಳಿಯಾಗುತ್ತದೆ. ನಮ್ಮ ಜುಲೈ ತಿಂಗಳಲ್ಲಿ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುವಾಗ ಕಿಟಕಿ ತೆರೆದರೆ ಅಡುಗೆಯ, ಸ್ನಾನದ ಹಬೆ ಹೊರಹೋಗುತ್ತದೆಯೇ ಹೊರತು ಕೋಣೆ ಒಣಗುವುದಿಲ್ಲ. ಹೀಗಾಗಿ ಕಟ್ಟಡದ ದೋಷವನ್ನು ಒಳಗಿರುವವರ ಅಭ್ಯಾಸದ ಮೇಲೆ ಹೊರಿಸುವುದು ಇಲ್ಲಿ ಇನ್ನೂ ದೊಡ್ಡ ಅನ್ಯಾಯ.

ನಮ್ಮ ಹಿರಿಯರ ಮನೆಗಳಿಗೆ ಈ ಮಳೆ ಹೊಸದಾಗಿರಲಿಲ್ಲ. ಕಡಿದಾದ ಹೆಂಚಿನ ಮಾಡು, ಗೋಡೆಯಿಂದ ಬಹುದೂರ ಚಾಚಿದ ಸೂರು, ಸುತ್ತಲೂ ಜಗಲಿ, ಹೆಂಚಿನ ಸಂದಿಗಳಿಂದ ಸದಾ ಹೊರಹೋಗುವ ಬಿಸಿಗಾಳಿ, ಅಟ್ಟವನ್ನು ಒಣಗಿಸಿಡುವ ಒಲೆಯ ಕಾವು, ಎರಚಲು ಹೊಡೆಯುವ ಗೋಡೆಗೆ ಮಳೆಗಾಲಕ್ಕೆ ಮೊದಲೇ ಕಟ್ಟುತ್ತಿದ್ದ ಅಡಕೆಯ ಸೋಗೆ ಇವೆಲ್ಲ ನೀರನ್ನು ದೂರವಿಡುವ ವ್ಯವಸ್ಥೆಗಳೇ ಆಗಿದ್ದವು. ಆ ಮನೆಗಳನ್ನು ನಾನು ವೈಭವೀಕರಿಸುತ್ತಿಲ್ಲ: ಅದೇ ಒಲೆಯ ಹೊಗೆ ಹೆಂಗಸರ ಶ್ವಾಸಕೋಶಗಳನ್ನು ಹಾಳುಮಾಡಿತು, ಬೂಷ್ಟು ಅಲ್ಲಿಯೂ ಇತ್ತು. ಆದರೆ ನಾವು ಆ ಜಾಗದಲ್ಲಿ ತಂದಿಟ್ಟದ್ದು ಬಯಲುಸೀಮೆಯ ನಕ್ಷೆಯನ್ನು. ಚಪ್ಪಟೆ ಆರ್‌ಸಿಸಿ ತಾರಸಿ, ಒಂದೂವರೆ ಅಡಿಯ ಸಜ್ಜಾ, ಆರು ಅಂಗುಲದ ಸಿಮೆಂಟ್ ಇಟ್ಟಿಗೆಯ ಗೋಡೆ, ಕೋಣೆಗೆ ಅಂಟಿಕೊಂಡ ಬಚ್ಚಲು, ಅದಕ್ಕೊಂದು ಅಂಗೈಯಗಲದ ಗವಾಕ್ಷಿ. ತಾರಸಿಯ ನೀರು ಹೋಗುವ ಕೊಳವೆ ತರಗೆಲೆಗಳಿಂದ ಕಟ್ಟಿಕೊಳ್ಳುತ್ತದೆ, ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಕಡೆ ಬಿರುಕು ಬಿಡುತ್ತದೆ, ಅಡಿಪಾಯದ ಮೇಲೆ ತೇವ ತಡೆಯುವ ಪದರವನ್ನು ಸರಿಯಾಗಿ ಹಾಕದ ಕಡೆ ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಗೋಡೆ ನೆಲದ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಸುಣ್ಣದ ಗಾರೆ ಕ್ಷಾರೀಯವಾದ್ದರಿಂದ ಬೂಷ್ಟಿಗೆ ಅಷ್ಟು ಬೇಗ ಒಗ್ಗುವುದಿಲ್ಲ, ತೇವವನ್ನು ಹೊರಕ್ಕೂ ಬಿಡುತ್ತದೆ. ಅದರ ಬದಲಿಗೆ ಬಂದ ಪುಟ್ಟಿ ಮತ್ತು ಎಮಲ್ಷನ್ ಬಣ್ಣಗಳು ತೇವವನ್ನು ಒಳಗೇ ಹಿಡಿದಿಟ್ಟು ಕೆಲವೇ ತಿಂಗಳಲ್ಲಿ ಗುಳ್ಳೆಯೆದ್ದು ಉದುರುತ್ತವೆ. ಜನ ತಾವಾಗಿಯೇ ಇದಕ್ಕೆ ಪರಿಹಾರ ಕಂಡುಕೊಂಡಿದ್ದಾರೆ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿಯ ಕಡೆ ಹೋದರೆ ಆರ್‌ಸಿಸಿ ಮನೆಗಳ ತಾರಸಿಯ ಮೇಲೆ ಮತ್ತೊಂದು ಶೀಟಿನ ಮಾಡು ನಿಂತಿರುವುದು ಸಾಲುಸಾಲಾಗಿ ಕಾಣುತ್ತದೆ. ಒಂದೇ ಮನೆಗೆ ಎರಡು ಛಾವಣಿಯ ಖರ್ಚು ಹೊರಬೇಕಾದ ಈ ಸ್ಥಿತಿಯೇ ನಮ್ಮ ಮಾದರಿ ನಕ್ಷೆಗಳ ಬಗ್ಗೆ ಬರೆದ ಅತ್ಯಂತ ನಿಷ್ಠುರ ವಿಮರ್ಶೆ.

ಇನ್ನು ಆರೋಗ್ಯದ ವಿಚಾರ. ನಾನು ವೈದ್ಯನಲ್ಲ, ಆದರೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒಳಾಂಗಣದ ತೇವ ಮತ್ತು ಬೂಷ್ಟಿನ ಬಗ್ಗೆ ಪ್ರಕಟಿಸಿದ ಮಾರ್ಗಸೂಚಿಯನ್ನೂ, ಅದಕ್ಕೂ ಮೊದಲು 2004ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನಡೆಸಿದ ಪರಾಮರ್ಶೆಯನ್ನೂ ಯಾವ ಎಂಜಿನಿಯರ್ ಬೇಕಾದರೂ ಓದಿ ತಿಳಿಯಬಹುದು. ತೇವ ಮತ್ತು ಬೂಷ್ಟು ಇರುವ ಕಟ್ಟಡಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಮೂಗು ಮತ್ತು ಗಂಟಲಿನ ತೊಂದರೆಗಳು ಹೆಚ್ಚು, ಆಸ್ತಮಾ ಇರುವವರಲ್ಲಿ ಅದು ಉಲ್ಬಣಿಸುತ್ತದೆ ಎಂಬುದರಲ್ಲಿ ಎರಡೂ ವರದಿಗಳಿಗೆ ಸಂಶಯವಿಲ್ಲ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಇಂಥ ಮನೆಗಳಲ್ಲಿ ಉಸಿರಾಟದ ತೊಂದರೆಗಳು ಶೇ 30ರಿಂದ 50ರಷ್ಟು ಹೆಚ್ಚು ಎಂದು ಕಂಡುಬಂದಿತ್ತು. ತೇವದ ಒಳಾಂಗಣಗಳ ಪ್ರಮಾಣ ಶೇ 10ರಿಂದ 50ರವರೆಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ ದೇಶ ಮತ್ತು ಪ್ರದೇಶಗಳ ಸಾಲಿನಲ್ಲಿ ಯುರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾ, ಜಪಾನ್‌ಗಳ ಜೊತೆ ಭಾರತವೂ ಇದೆ. ಆ ದೇಶಗಳು ಇದನ್ನು ಸಾರ್ವಜನಿಕ ಆರೋಗ್ಯದ ವಿಷಯವೆಂದು ಚರ್ಚಿಸುತ್ತಿವೆ. ನಾವು ಇನ್ನೂ ಪೇಂಟಿಂಗ್ ಬಿಲ್ಲಿನ ವಿಷಯವೆಂದೇ ನೋಡುತ್ತಿದ್ದೇವೆ.

ಹಾನಿ ಬಹುಮಟ್ಟಿಗೆ ಸೋಂಕಿನಿಂದ ಆಗುವುದಲ್ಲ. ಆಸ್ಪರ್ಜಿಲಸ್, ಪೆನಿಸಿಲಿಯಂನಂಥ ಬೂಷ್ಟುಗಳ ಬೀಜಕಣಗಳು ಕೆಲವೇ ಮೈಕ್ರಾನ್ ಗಾತ್ರದವು. ಅವು ಮತ್ತು ಅವುಗಳ ಚೂರುಗಳು ಉಸಿರಿನೊಡನೆ ಆಳಕ್ಕಿಳಿದು ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುತ್ತವೆ. ಬಹುತೇಕರಿಗೆ ಅದು ಸೀನು, ಕಣ್ಣುರಿ, ಒಣಕೆಮ್ಮಿನಲ್ಲಿ ಮುಗಿಯುತ್ತದೆ. ಮಕ್ಕಳು, ವೃದ್ಧರು, ಆಸ್ತಮಾ ಇರುವವರಿಗೆ ಅಷ್ಟರಲ್ಲಿ ಮುಗಿಯುವುದಿಲ್ಲ. ಆಸ್ತಮಾ ಇರುವ ಕೆಲವರಲ್ಲಿ ಆಸ್ಪರ್ಜಿಲಸ್‌ಗೆ ತೀವ್ರ ಅಲರ್ಜಿ ಬೆಳೆದು ಶ್ವಾಸನಾಳಗಳೇ ಶಾಶ್ವತವಾಗಿ ಹಿಗ್ಗಿ ಹಾಳಾಗುವ ಕಾಯಿಲೆಯೊಂದಿದೆ. ಇದರ ಎಕ್ಸ್-ರೇ ಚಿತ್ರ ಕ್ಷಯದಂತೆ ಕಾಣುವುದರಿಂದ ನಮ್ಮ ದೇಶದಲ್ಲಿ ಅಂಥ ರೋಗಿಗಳಿಗೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಟ್ಟ ಉದಾಹರಣೆಗಳನ್ನು ಶ್ವಾಸಕೋಶ ತಜ್ಞರು ವೈದ್ಯಕೀಯ ನಿಯತಕಾಲಿಕಗಳಲ್ಲಿ ಮತ್ತೆ ಮತ್ತೆ ವರದಿ ಮಾಡಿದ್ದಾರೆ. ನಿಜಕ್ಕೂ ಕ್ಷಯ ಬಂದು ವಾಸಿಯಾದವರ ಶ್ವಾಸಕೋಶದಲ್ಲಿ ಉಳಿದ ಪೊಳ್ಳುಗಳಲ್ಲಿ ಇದೇ ಶಿಲೀಂಧ್ರ ಗಡ್ಡೆಯಾಗಿ ಬೆಳೆಯುವುದೂ ಉಂಟು. ಕ್ಷಯದ ಹೊರೆ ಇಷ್ಟಿರುವ ದೇಶದಲ್ಲಿ ಇದನ್ನು ಅಪರೂಪದ ಕುತೂಹಲವೆಂದು ಬದಿಗಿಡಲು ಬರುವುದಿಲ್ಲ.

ಹಾಗೆಂದು ಭಯ ಬಿತ್ತುವುದೂ ನನ್ನ ಉದ್ದೇಶವಲ್ಲ. ಗೋಡೆಯ ಕಪ್ಪು ಬೂಷ್ಟು ಕಂಡ ಕೂಡಲೇ 2021ರಲ್ಲಿ ‘ಬ್ಲ್ಯಾಕ್ ಫಂಗಸ್’ ಎಂದು ಎಲ್ಲರ ಬಾಯಲ್ಲಿದ್ದ ಮ್ಯೂಕರ್‌ಮೈಕೋಸಿಸ್ ಇದೇ ಎಂದು ಹೆದರುವವರಿದ್ದಾರೆ. ಅದು ಬೇರೆಯೇ ಗುಂಪಿನ ಶಿಲೀಂಧ್ರದಿಂದ, ಮುಖ್ಯವಾಗಿ ಹತೋಟಿಯಲ್ಲಿಲ್ಲದ ಮಧುಮೇಹ ಮತ್ತು ಸ್ಟೀರಾಯ್ಡ್ ಬಳಕೆಯ ಹಿನ್ನೆಲೆಯಲ್ಲಿ ಬಂದ ಸೋಂಕು. ಅಲ್ಲಿ ಕಪ್ಪಾಗುತ್ತಿದ್ದುದು ರಕ್ತ ಹರಿಯದೆ ಸತ್ತ ಅಂಗಾಂಶ. ಹಾಗೆಯೇ ಬೂಷ್ಟಿನಿಂದ ಮರೆವು ಬರುತ್ತದೆ, ನರಗಳು ಸೋಲುತ್ತವೆ ಎಂದು ಹೇಳಿ ಪರೀಕ್ಷೆ, ಔಷಧಿ ಮಾರುವವರ ಮಾತಿಗೆ ಗಟ್ಟಿಯಾದ ಪುರಾವೆಯಿಲ್ಲ. ಗಾಳಿಯಲ್ಲಿನ ಬೀಜಕಣ ಎಣಿಸುವ ದುಬಾರಿ ಪರೀಕ್ಷೆಯೂ ಬೇಕಾಗಿಲ್ಲ. ಇಷ್ಟರವರೆಗೆ ಸುರಕ್ಷಿತ ಎಂಬ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ನಿಗದಿ ಮಾಡಿಲ್ಲ. ಕಣ್ಣಿಗೆ ಕಂಡರೆ, ಮೂಗಿಗೆ ಬಡಿದರೆ, ನೀರಿನ ಮೂಲ ಹುಡುಕಿ ನಿಲ್ಲಿಸಬೇಕು. ಈ ಸರಳತೆ ಆಡಳಿತಕ್ಕೆ ಅನುಕೂಲಕರವೇ ಆಗಿದೆ, ಪ್ರಯೋಗಾಲಯದ ವರದಿ ಬಂದಿಲ್ಲ ಎಂದು ಕಡತ ತಡೆಹಿಡಿಯುವ ಅವಕಾಶ ಇಲ್ಲಿ ಯಾರಿಗೂ ಇಲ್ಲ.

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಪ್ರಕರಣವೊಂದು ತಮ್ಮ ಗಮನಕ್ಕೆ ಬಂದಿರಬಹುದು. ಕಡಿಮೆ ಬಾಡಿಗೆಗೆ ಕೊಡುವ ಸಾಮಾಜಿಕ ವಸತಿಯ, ಒಂದೇ ಮಲಗುವ ಕೋಣೆಯ ಫ್ಲಾಟಿನಲ್ಲಿ ತಂದೆತಾಯಿಯೊಡನೆ ಇದ್ದ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಬಚ್ಚಲು, ಅಡುಗೆಮನೆಗಳ ಬೂಷ್ಟಿನ ಬಗ್ಗೆ ಕುಟುಂಬ 2017ರಿಂದಲೇ ದೂರಿತ್ತು. ಅವರಿಗೆ ಸಿಕ್ಕ ಉತ್ತರ, ಅದರ ಮೇಲೆ ಬಣ್ಣ ಬಳಿದುಕೊಳ್ಳಿ ಎಂಬುದು. ಕುಟುಂಬದ ಸ್ನಾನ, ಅಡುಗೆಯ ರೀತಿಯೇ ಕಾರಣವೆಂಬ ಊಹೆಯೂ ಅಲ್ಲಿ ಕೆಲಸ ಮಾಡಿತ್ತು. ಮನೆಯ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದರಿಂದ ಬಂದ ತೀವ್ರ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣವೆಂದು ಮರಣ ವಿಚಾರಣಾಧಿಕಾರಿ 2022ರ ನವೆಂಬರ್‌ನಲ್ಲಿ ತೀರ್ಪಿತ್ತರು. ಅದರ ಫಲವಾಗಿ 2023ರ ಕಾನೂನಿನಲ್ಲಿ ಆ ಮಗುವಿನ ಹೆಸರಿನಿಂದಲೇ ಕರೆಯಲಾಗುವ ನಿಯಮ ಸೇರಿತು. 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿಗಳಲ್ಲಿ ಅದು ಜಾರಿಗೆ ಬಂದಿದೆ. ಗಂಭೀರ ತೇವ ಅಥವಾ ಬೂಷ್ಟಿನ ದೂರು ಬಂದರೆ ಮನೆಯ ಮಾಲೀಕ ಸಂಸ್ಥೆ 10 ಕೆಲಸದ ದಿನಗಳೊಳಗೆ ತನಿಖೆ ಮಾಡಬೇಕು, ಅಪಾಯ ಖಚಿತವಾದರೆ ಮುಂದಿನ 5 ಕೆಲಸದ ದಿನಗಳೊಳಗೆ ಮನೆಯನ್ನು ಸುರಕ್ಷಿತಗೊಳಿಸಬೇಕು, ತುರ್ತು ಅಪಾಯವಾದರೆ 24 ಗಂಟೆಗಳಲ್ಲಿ ಕ್ರಮವಾಗಬೇಕು. ನಮ್ಮ ಹವೆ ಬೇರೆ, ಹಣಕಾಸು ಬೇರೆ, ಅದೇ ದಿನಗಳ ಲೆಕ್ಕವನ್ನು ಇಲ್ಲಿ ನಕಲು ಮಾಡಿ ಎಂದು ನಾನು ಕೇಳುತ್ತಿಲ್ಲ. ದೂರಿಗೆ ಒಂದು ಗಡುವು ಇರಬೇಕು, ಗಡುವಿಗೆ ಒಬ್ಬ ಅಧಿಕಾರಿ ಹೊಣೆಯಾಗಿರಬೇಕು ಎಂಬ ತತ್ವವನ್ನಷ್ಟೇ ಕೇಳುತ್ತಿದ್ದೇನೆ.

ಕೆಲಸದ ಸ್ಥಳಗಳ ಸ್ಥಿತಿ ಮನೆಗಳಿಗಿಂತ ಉತ್ತಮವೇನಲ್ಲ. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿ ದಶಕಗಳ ಕಡತಗಳು ಬೂಷ್ಟು ಹಿಡಿದು ಕುಳಿತಿವೆ. ಕಂದಾಯ ಇಲಾಖೆಯ ಭೂ ಸುರಕ್ಷಾ ಯೋಜನೆಯಡಿ ಅವುಗಳನ್ನು ಸ್ಕ್ಯಾನ್ ಮಾಡುತ್ತಿರುವುದು ಸ್ವಾಗತಾರ್ಹ. ಆದರೆ ಆ ಕಟ್ಟುಗಳನ್ನು ಬಿಚ್ಚಿ, ಕೊಡವಿ, ಹಾಳೆ ಬಿಡಿಸುವವರು ಬಹುಪಾಲು ಹೊರಗುತ್ತಿಗೆಯ ಯುವಕ ಯುವತಿಯರು, ಮತ್ತು ಒಣಗಿದ ಬೂಷ್ಟಿನ ಕಡತವನ್ನು ಕೊಡವುವುದಕ್ಕಿಂತ ಹೆಚ್ಚು ಬೀಜಕಣ ಎಬ್ಬಿಸುವ ಕೆಲಸ ಕಚೇರಿಯಲ್ಲಿ ಇನ್ನೊಂದಿಲ್ಲ. ಅವರಿಗೆ ಎನ್-95 ಮಾಸ್ಕ್, ಕೈಗವಸು, ಗಾಳಿಯನ್ನು ಹೊರಕ್ಕೆಳೆಯುವ ಒಂದು ಫ್ಯಾನ್ ಕೊಡಲು ಆಗುವ ವೆಚ್ಚ ಯೋಜನೆಯ ಲೆಕ್ಕದಲ್ಲಿ ಗೋಚರಿಸುವಷ್ಟೂ ಇರದು. ನಗರಗಳ ಹವಾನಿಯಂತ್ರಿತ ಕಚೇರಿಗಳಲ್ಲಿ ಸಮಸ್ಯೆ ಬೇರೆ ವೇಷದಲ್ಲಿದೆ. ಎಸಿಯ ತಂಪು ಸುರುಳಿಯಿಂದ ಇಳಿದ ನೀರು ಟ್ರೇಯಲ್ಲಿ ನಿಂತು, ಫಾಲ್ಸ್ ಸೀಲಿಂಗಿನ ಮೇಲೆ ಸೋರಿ, ಕಣ್ಣಿಗೆ ಕಾಣದ ಕಡೆ ಬೂಷ್ಟು ಬೆಳೆಯುತ್ತದೆ, ತೆರೆಯಲಾಗದ ಗಾಜಿನ ಕಿಟಕಿಗಳ ಒಳಗೆ ಅದೇ ಗಾಳಿ ಸುತ್ತುತ್ತಿರುತ್ತದೆ. ಭಾನುವಾರ ಕಡಿಮೆಯಾಗಿ ಸೋಮವಾರ ಮಧ್ಯಾಹ್ನಕ್ಕೆ ಮರಳಿ ಬರುವ ಕೆಮ್ಮು, ಮೈಬಿಸಿ, ಏದುಸಿರು ಇದ್ದರೆ ವೈದ್ಯರು ಕಚೇರಿಯ ಬಗ್ಗೆಯೂ ಕೇಳಬೇಕು.

ಸಾವಯವ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ ಎಂಬುದು ನಮ್ಮ ಕಾನೂನಿಗೆ ಹೊಸ ವಿಷಯವಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ, ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ಧೂಳಿನಿಂದ ಬರುವ ಬಗಾಸೋಸಿಸ್ ಮತ್ತು ಸಾವಯವ ಧೂಳಿನಿಂದ ಬರುವ ಶ್ವಾಸಕೋಶದ ಅಲರ್ಜಿ ಉರಿಯೂತ ಎರಡನ್ನೂ ಸೇರಿಸಲಾಗಿತ್ತು. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಒಪ್ಪಿಕೊಂಡ ಸತ್ಯವನ್ನು ರೆಕಾರ್ಡ್ ರೂಮಿನಲ್ಲಿ ಒಪ್ಪಿಕೊಳ್ಳಲು ಕಾರ್ಮಿಕ ಇಲಾಖೆಗೆ ಅಡ್ಡಿಯೇನು ಎಂಬುದು ನನಗೆ ಅರ್ಥವಾಗುವುದಿಲ್ಲ.

ಇಷ್ಟೆಲ್ಲ ತಿಳಿದೂ ಬೂಷ್ಟು ಏಕೆ ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕೆಲಸದ ಪಂಚಾಂಗದಲ್ಲಿದೆ. ಸೋರಿಕೆ ಕಾಣುವುದು ಜುಲೈನಲ್ಲಿ. ಮಳೆಯಲ್ಲಿ ತಾರಸಿಯ ಕೆಲಸ ಮಾಡಲಾಗದು ಎಂಬುದು ಸರಿಯಾದ ಕಾರಣವೇ. ಅಕ್ಟೋಬರ್‌ನಲ್ಲಿ ಬಿಸಿಲು ಬಂದಾಗ ದೂರು ಮರೆತುಹೋಗುತ್ತದೆ. ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್ ಮುಗಿದು ಅನುದಾನ ಬಿಡುಗಡೆಯಾಗುವಾಗ ಫೆಬ್ರವರಿ ಕಳೆದಿರುತ್ತದೆ. ಮಾರ್ಚ್ 31ರೊಳಗೆ ಬಿಲ್ಲಾಗಬೇಕು ಎಂಬ ಒತ್ತಡದಲ್ಲಿ ಯಾವ ಕೆಲಸ ಬೇಗ ಮುಗಿಯುತ್ತದೋ ಅದನ್ನು ಆರಿಸಲಾಗುತ್ತದೆ. ಬೇಗ ಮುಗಿಯುವುದು ಬಣ್ಣ. ಗಣ್ಯರ ಭೇಟಿ ಇದ್ದರಂತೂ ಅದಕ್ಕೆ ಮಾರ್ಚ್ ಕೂಡ ಬೇಡ, ಇನ್ನೂ ಒಣಗದ ಗೋಡೆಗೇ ಎರಡು ಕೋಟ್ ಬಳಿಯಲಾಗುತ್ತದೆ. ಮುಂದಿನ ಜೂನ್‌ನಲ್ಲಿ ಅದೇ ಗೋಡೆಯ ಅದೇ ಮೂಲೆ ಕಪ್ಪಾಗುತ್ತದೆ. ಖಾಸಗಿ ಮನೆಗಳಲ್ಲೂ ಇದೇ ನಡೆಯುತ್ತದೆ. ಬೆಂಗಳೂರಿನಲ್ಲಿ ಬಾಡಿಗೆದಾರ ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಿಂದ ಹಿಡಿಯುವ ರೂಢಿಯಿದೆಯಲ್ಲ, ಆ ಹಣದಿಂದ ಎಷ್ಟೋ ಸಲ ಆಗುವುದು ಮುಂದಿನ ಬಾಡಿಗೆದಾರನ ಕಣ್ಣಿಗೆ ಬೂಷ್ಟು ಬೀಳದಂತೆ ಮುಚ್ಚುವ ಕೆಲಸ.

ಆದ್ದರಿಂದ ನನ್ನ ಮೊದಲ ಕೋರಿಕೆ ಪಂಚಾಂಗಕ್ಕೆ ಸಂಬಂಧಿಸಿದ್ದು. ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳ ಹಾಸ್ಟೆಲ್, ವಸತಿ ಶಾಲೆ, ಅಂಗನವಾಡಿ, ಆಸ್ಪತ್ರೆ ಮತ್ತು ಪೊಲೀಸ್ ವಸತಿಗೃಹಗಳ ಪರಿಶೀಲನೆಯನ್ನು ಜುಲೈ–ಆಗಸ್ಟ್ ತಿಂಗಳಲ್ಲೇ, ಬೂಷ್ಟು ಕಣ್ಣೆದುರು ಇರುವಾಗ, ಕಿರಿಯ ಎಂಜಿನಿಯರ್ ಮತ್ತು ಆರೋಗ್ಯ ನಿರೀಕ್ಷಣಾಧಿಕಾರಿ ಜೊತೆಯಾಗಿ ನಡೆಸಿ, ಎಲ್ಲಿ ಬೂಷ್ಟು ಇದೆ, ನೀರು ಎಲ್ಲಿಂದ ಬರುತ್ತಿದೆ, ಅಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬ ಮೂರು ವಿವರಗಳನ್ನು ಒಂದೇ ಹಾಳೆಯಲ್ಲಿ ಬರೆಯಲಿ. ನೀರಿನ ಮೂಲ ನಿಂತಿದೆ ಮತ್ತು ಗೋಡೆ ಒಣಗಿದೆ ಎಂಬ ಎಂಜಿನಿಯರ ಪ್ರಮಾಣಪತ್ರವಿಲ್ಲದೆ ಬಣ್ಣದ ಬಿಲ್ಲನ್ನು ಪಾಸು ಮಾಡಬಾರದು ಎಂಬ ಒಂದು ಸುತ್ತೋಲೆ ಹೊರಟರೂ ಅರ್ಧ ಕೆಲಸವಾದಂತೆ.

ಹಾಸ್ಟೆಲುಗಳಿಗೆ ಬಟ್ಟೆ ಒಣಗಿಸುವ ಸೂರು ಬೇಕು. ಹತ್ತಾರು ಮಕ್ಕಳು ಮಲಗುವ ಕೋಣೆಯಲ್ಲಿ ಮಳೆಗಾಲವಿಡೀ ಹಗ್ಗದ ಮೇಲೆ ಒದ್ದೆ ಸಮವಸ್ತ್ರಗಳು ನೇತಾಡುತ್ತಿರುತ್ತವೆ, ಆ ಬಟ್ಟೆಗಳ ನೀರೆಲ್ಲ ಕೋಣೆಯ ಗಾಳಿಗೆ, ಗೋಡೆಗೆ, ಹಾಸಿಗೆಗೆ ಸೇರುತ್ತದೆ. ಮಕ್ಕಳನ್ನು ಗದರಿ ಪ್ರಯೋಜನವಿಲ್ಲ, ಬೇರೆ ಜಾಗವೇ ಇಲ್ಲ. ಮೇಲೊಂದು ಶೀಟು, ಸುತ್ತ ಜಾಲರಿ, ಎರಡು ಫ್ಯಾನು ಇರುವ ಪ್ರತ್ಯೇಕ ಚಪ್ಪರವನ್ನು ಪ್ರತಿ ಹಾಸ್ಟೆಲ್‌ನ ಅಂದಾಜಿನಲ್ಲೂ ಕಡ್ಡಾಯಗೊಳಿಸಬಹುದು. ವಸತಿ ಯೋಜನೆಗಳ ಮನೆಗಳಿಗೆ ಹೆಚ್ಚು ಮಳೆಯ ತಾಲ್ಲೂಕುಗಳಲ್ಲಿ ಇಳಿಜಾರು ಛಾವಣಿ, ಅಗಲ ಸೂರು, ಅಡಿಪಾಯದ ತೇವತಡೆ ಇರುವ ಪ್ರತ್ಯೇಕ ನಕ್ಷೆ ಮತ್ತು ಅದಕ್ಕೆ ತಕ್ಕ ದರವೂ ಬೇಕು. ನಕ್ಷೆ ಬದಲಿಸಿ ದರ ಬದಲಿಸದಿದ್ದರೆ ಫಲಾನುಭವಿ ಸೂರನ್ನೇ ಮೊಟಕು ಮಾಡುತ್ತಾನೆ.

ಬೂಷ್ಟು ಒರೆಸುವವರು ಯಾರು ಎಂಬುದನ್ನೂ ಆದೇಶದಲ್ಲಿ ಸ್ಪಷ್ಟಪಡಿಸಬೇಕು. ಇಂದು ಆ ಕೆಲಸ ಮಕ್ಕಳಿಗೆ ಅಥವಾ ಡಿ ಗುಂಪಿನ ನೌಕರರಿಗೆ ಬೀಳುತ್ತದೆ, ಅದೂ ಒಣ ಪೊರಕೆಯಲ್ಲಿ. ಗಟ್ಟಿ ಮೈಯ ಮೇಲಿನ ಬೂಷ್ಟನ್ನು ಮಾಸ್ಕ್ ಧರಿಸಿ ಸೋಪಿನ ನೀರಿನಿಂದ ಉಜ್ಜಿ ಒಣಗಿಸಿದರೆ ಸಾಕು. ನೆನೆದು ಕೊಳೆತ ಹಾಸಿಗೆ, ಪ್ಲೈವುಡ್‌ಗಳನ್ನು ಎಸೆಯುವುದೇ ದಾರಿ. ಬ್ಲೀಚಿಂಗ್ ದ್ರಾವಣವನ್ನು ಶೌಚಾಲಯ ತೊಳೆಯುವ ಆಮ್ಲದೊಡನೆ ಬೆರೆಸಿದರೆ ವಿಷಾನಿಲ ಏಳುತ್ತದೆ ಎಂಬ ಎಚ್ಚರಿಕೆಯನ್ನು ಗೋಡೆಯ ಮೇಲೆ ಬರೆಸಿಡಬೇಕು. ಆರೋಗ್ಯ ಇಲಾಖೆ ತನ್ನ ಕಡೆಯಿಂದ, ದೀರ್ಘಕಾಲದ ಕೆಮ್ಮಿನ ರೋಗಿಗಳಿಗೆ ಮನೆ ಮತ್ತು ಕೆಲಸದ ಜಾಗದ ತೇವದ ಬಗ್ಗೆ ಒಂದು ಪ್ರಶ್ನೆ ಕೇಳುವಂತೆಯೂ, ಕಫ ಪರೀಕ್ಷೆಯಲ್ಲಿ ಕ್ಷಯ ಸಿಗದ ಆಸ್ತಮಾ ರೋಗಿಗಳಿಗೆ ಶಿಲೀಂಧ್ರದ ಅಲರ್ಜಿಯ ರಕ್ತಪರೀಕ್ಷೆ ಜಿಲ್ಲಾಸ್ಪತ್ರೆಯಲ್ಲೇ ದೊರೆಯುವಂತೆಯೂ ಮಾಡಬಹುದು.

ಈ ಸಾಲಿನ ಮಳೆಗಾಲದ ಪರಿಶೀಲನಾ ಪಟ್ಟಿ ಸೆಪ್ಟೆಂಬರ್ ಕೊನೆಯೊಳಗೆ ಜಿಲ್ಲಾಧಿಕಾರಿಗಳ ಕೈಸೇರಿದರೆ, ನವೆಂಬರ್ ಒಳಗೆ ಅಂದಾಜು ಮುಗಿದರೆ, ಡಿಸೆಂಬರ್‌ನಲ್ಲಿ ಅನುದಾನ ಬಿಡುಗಡೆಯಾದರೆ, ಜನವರಿಯಿಂದ ಮೇ ತಿಂಗಳವರೆಗಿನ ಐದು ಒಣ ತಿಂಗಳುಗಳು ತಾರಸಿಯ ಕೆಲಸಕ್ಕೆ ಸಿಗುತ್ತವೆ. ಹಾಸ್ಟೆಲುಗಳನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದೂ, ಪ್ರತಿ ಜಿಲ್ಲೆಯಲ್ಲಿ ಇದಕ್ಕೆ ಹೊಣೆಗಾರ ಅಧಿಕಾರಿ ಯಾರೆಂಬುದನ್ನು ಹುದ್ದೆಯ ಹೆಸರಿನೊಡನೆ ಪ್ರಕಟಿಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್,
ಶಿವಮೊಗ್ಗ ಜಿಲ್ಲೆ.

ಪ್ರತಿ: ಆರೋಗ್ಯ, ಲೋಕೋಪಯೋಗಿ, ವಸತಿ, ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಕಂದಾಯ ಮತ್ತು ಕಾರ್ಮಿಕ ಇಲಾಖೆಗಳ ಕಾರ್ಯದರ್ಶಿಗಳಿಗೆ.